ಒಳಗಿನ ಸೌಲಭ್ಯವೋ, ಹೊರಗಿನ ಉಪಕರಣವೋ? ಲೆಕ್ಕಪತ್ರ ತಂತ್ರಾಂಶದ ಬಳಕೆಯಲ್ಲಿ ವರ್ತಕರು ಗಮನಿಸಬೇಕಾದ ಅಂಶಗಳು

ಕಿರ್ದಿ ಮತ್ತು ಖಾತೆ ಪುಸ್ತಕಗಳ ಸ್ಥಾನಕ್ಕೆ ಗಣಕಯಂತ್ರವು ಬಂದು ಎರಡು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಬಳ್ಳಾರಿ ನಗರದ ಜೀನ್ಸ್ ಉಡುಪು ತಯಾರಕರಿಂದ ಮೊದಲ್ಗೊಂಡು ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರು, ಕುರುಗೋಡಿನ ಬೀಜ ಮತ್ತು ರಸಗೊಬ್ಬರ ವ್ಯಾಪಾರಿಗಳವರೆಗೆ ಗಣಕೀಕೃತ ಲೆಕ್ಕವು ಇಂದು ನಿತ್ಯದ ಸಂಗತಿಯಾಗಿದೆ. ಆದರೆ ಲೆಕ್ಕವು ಒಂದೇ ತಂತ್ರಾಂಶದಲ್ಲಿ ಆರಂಭವಾಗಿ ಅದರಲ್ಲಿಯೇ ಮುಕ್ತಾಯಗೊಳ್ಳುವ ಕಚೇರಿಗಳು ವಿರಳ. ತೂಕದ ಚೀಟಿ ಒಂದು ತಂತ್ರಾಂಶದಲ್ಲಿ, ದಾಸ್ತಾನು ಎಕ್ಸೆಲ್ ಹಾಳೆಯಲ್ಲಿ, ಬಿಲ್ಲು ಟ್ಯಾಲಿಯಲ್ಲಿ, ಇ-ವೇ ಬಿಲ್ ಸರ್ಕಾರದ ಜಾಲತಾಣದಲ್ಲಿ, ಕೂಲಿಯ ಲೆಕ್ಕ ಗುಮಾಸ್ತರ ನೋಟ್‌ಬುಕ್ಕಿನಲ್ಲಿ ಹೀಗೆ ಹಂಚಿಹೋಗಿರುವುದೇ ಸಾಮಾನ್ಯ.

ಈ ಸ್ಥಿತಿಯಲ್ಲಿ ಪ್ರತಿಯೊಬ್ಬ ಉದ್ಯಮಿಯ ಮುಂದೆಯೂ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಬೇಕಾದ ಕೆಲಸವನ್ನು ಮೂಲ ತಂತ್ರಾಂಶದೊಳಗೇ ಇರುವ ಸೌಲಭ್ಯದಿಂದ ಮಾಡಿಕೊಳ್ಳುವುದು ಒಳಿತೋ, ಅಥವಾ ಹೊರಗಿನಿಂದ ಬೇರೊಂದು ಉಪಕರಣವನ್ನು ತಂದು ಜೋಡಿಸುವುದು ಒಳಿತೋ? ಇದು ಕೇವಲ ಅನುಕೂಲದ ಪ್ರಶ್ನೆಯೆಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ತೆರಿಗೆ ಹೊಣೆ, ದಾಸ್ತಾನಿನ ಸತ್ಯಾಂಶ, ಕಾನೂನಿನ ಪಾಲನೆ ಇವೆಲ್ಲವೂ ಇದಕ್ಕೆ ಸಂಬಂಧಿಸಿವೆ. ಆದ್ದರಿಂದ ಈ ಆಯ್ಕೆಯನ್ನು ಗಣಕ ನಿರ್ವಾಹಕರಿಗೆ ಮಾತ್ರ ಬಿಟ್ಟುಬಿಡದೆ ಮಾಲೀಕರೇ ವಿಚಾರ ಮಾಡುವುದು ಅಗತ್ಯ.

ತಂತ್ರಾಂಶ ನಿರ್ಮಾಪಕರ ಹಳೆಯ ಪ್ರಶ್ನೆ

ಈ ಪ್ರಶ್ನೆ ವರ್ತಕರಿಗೆ ಮಾತ್ರ ಸೀಮಿತವಾದುದಲ್ಲ. ತಂತ್ರಾಂಶಗಳನ್ನು ನಿರ್ಮಿಸುವವರೂ ಐವತ್ತು ವರ್ಷಗಳಿಂದ ಇದನ್ನೇ ಚರ್ಚಿಸುತ್ತಿದ್ದಾರೆ. ದೊಡ್ಡ ತಂತ್ರಾಂಶವೊಂದು ನೂರಾರು ಕಡತಗಳಿಂದ ಕೂಡಿರುತ್ತದೆ. ಯಾವ ಕಡತ ಬದಲಾಯಿತು, ಅದರಿಂದ ಯಾವುದನ್ನು ಪುನಃ ಸಿದ್ಧಪಡಿಸಬೇಕು ಎಂಬುದನ್ನು ನೋಡಿಕೊಂಡು ಕ್ರಮವಾಗಿ ಕೆಲಸ ನಡೆಸಲು ಪ್ರತ್ಯೇಕ ವ್ಯವಸ್ಥೆ ಬೇಕಾಗುತ್ತದೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ರೂಪಿಸಿದ 'ಮೇಕ್' ಇಂತಹ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದುದು. ಈ ಕಾರ್ಯಕ್ಕಾಗಿ ಅವರಿಗೆ 2003ನೇ ಸಾಲಿನ ಎಸಿಎಂ ತಂತ್ರಾಂಶ ಪ್ರಶಸ್ತಿ ಸಂದಿದೆ.

ಮೇಕ್ ತನ್ನೊಳಗೆ ಬಹಳ ಕಡಿಮೆ ಸೌಲಭ್ಯಗಳನ್ನು ಇಟ್ಟುಕೊಂಡಿತು. ಕಡತ ನಕಲು ಮಾಡಬೇಕೆಂದರೆ ಯಂತ್ರದಲ್ಲಿರುವ ಬೇರೊಂದು ಉಪಕರಣವನ್ನು ಕರೆಯುತ್ತದೆ. ಅಳಿಸಬೇಕೆಂದರೆ ಇನ್ನೊಂದನ್ನು ಕರೆಯುತ್ತದೆ. ಮೇಸ್ತ್ರಿಯು ತಾನೇ ಇಟ್ಟಿಗೆ ಕಟ್ಟದೆ ಆಯಾ ಕಸುಬಿನವರನ್ನು ಕರೆದು ಕೆಲಸ ಮಾಡಿಸುವ ಪದ್ಧತಿಯಿದು. ಇದರಿಂದ ಮೇಕ್ ಹಗುರವಾಗಿಯೂ ಎಲ್ಲ ಬಗೆಯ ಕೆಲಸಕ್ಕೆ ಒಗ್ಗುವಂತೆಯೂ ಇತ್ತು. ಆದರೆ ಯುನಿಕ್ಸ್ ಯಂತ್ರದಲ್ಲಿ ದೊರೆಯುವ ನಕಲು ಉಪಕರಣ ವಿಂಡೋಸ್ ಯಂತ್ರದಲ್ಲಿ ಅದೇ ಹೆಸರಿನಲ್ಲಿ ದೊರೆಯುವುದಿಲ್ಲ. ಒಂದೆಡೆ ಸರಾಗವಾಗಿ ನಡೆದ ಕೆಲಸ ಮತ್ತೊಂದೆಡೆ ನಿಂತುಹೋಗುತ್ತಿತ್ತು.

ಈ ತೊಡಕಿಗೆ ಉತ್ತರವಾಗಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಅವರು ರೂಪಿಸಿದ 'ಆಂಟ್' 2000ದಲ್ಲಿ ಸ್ವತಂತ್ರವಾಗಿ ಬಿಡುಗಡೆಯಾಯಿತು. ನಕಲು ಮಾಡುವುದು, ಅಳಿಸುವುದು, ಕಡತಕೋಶ ರಚಿಸುವುದು ಇತ್ಯಾದಿಗಳನ್ನು ಆಂಟ್ ತನ್ನೊಳಗೇ ಅಳವಡಿಸಿಕೊಂಡಿತು. ಅದೇ ವರ್ಷ ಕಿಟ್‌ವೇರ್ ಸಂಸ್ಥೆಯಿಂದ ಬಂದ 'ಸಿಮೇಕ್' ಸಹ ಕಾಲಕ್ರಮದಲ್ಲಿ ಇಂತಹ ಸಣ್ಣ ಕೆಲಸಗಳಿಗೆ ಒಳಗಿನ ಆಜ್ಞೆಗಳನ್ನು ಒದಗಿಸಿತು. ಎಲ್ಲ ಯಂತ್ರಗಳಲ್ಲಿಯೂ ಒಂದೇ ಫಲಿತಾಂಶ ದೊರೆಯಿತು. ಆದರೆ ಒಳಗೆ ಇಲ್ಲದ ಕೆಲಸವೊಂದು ಬೇಕಾದಾಗ ಮತ್ತೆ ಹೊರಗಿನ ಉಪಕರಣವನ್ನೇ ಆಶ್ರಯಿಸಬೇಕಾಯಿತು.

ಮೂರನೆಯ ಮಾರ್ಗವೊಂದು ಗೂಗಲ್ ಸಂಸ್ಥೆಯು 2015ರಲ್ಲಿ ಸಾರ್ವಜನಿಕಗೊಳಿಸಿದ 'ಬೇಝಲ್' ವ್ಯವಸ್ಥೆಯಲ್ಲಿ ಕಾಣುತ್ತದೆ. ಹೊರಗಿನ ಉಪಕರಣವನ್ನು ಬಳಸಲು ಅಲ್ಲಿ ಅಭ್ಯಂತರವಿಲ್ಲ. ಆದರೆ ಯಾವ ಉಪಕರಣ, ಅದರ ಯಾವ ಆವೃತ್ತಿ, ಅದಕ್ಕೆ ಏನನ್ನು ಕೊಡಲಾಗುತ್ತದೆ, ಅದರಿಂದ ಏನು ಹೊರಬರುತ್ತದೆ ಎಂಬುದನ್ನು ಮುಂಚಿತವಾಗಿ ಬರೆದು ಘೋಷಿಸಬೇಕು. ಘೋಷಿಸದೆ ಹಿತ್ತಲ ಬಾಗಿಲಿನಿಂದ ಬರುವ ಉಪಕರಣಕ್ಕೆ ಸಾಧ್ಯವಾದಷ್ಟೂ ಪ್ರವೇಶ ಕೊಡುವುದಿಲ್ಲ. ಈ ಎಚ್ಚರಿಕೆ ಅತಿಯಾದುದಲ್ಲವೆಂಬುದಕ್ಕೆ 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ 'ಎಕ್ಸ್‌ಝಡ್' ಪ್ರಕರಣವೇ ಸಾಕ್ಷಿ. ಲಿನಕ್ಸ್ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಈ ಸಂಕೋಚನ ತಂತ್ರಾಂಶವನ್ನು ಕಟ್ಟುವ ಹಂತದಲ್ಲಿ ಬಳಸುವ ಪೂರಕ ಕಡತದ ಮೂಲಕವೇ ದುರುದ್ದೇಶದ ಸಂಕೇತವನ್ನು ಸೇರಿಸಲಾಗಿತ್ತು. ಆಂಡ್ರೆಸ್ ಫ್ರೋಯಿಂಡ್ ಎಂಬ ತಂತ್ರಜ್ಞರು ಅದನ್ನು ಪತ್ತೆಹಚ್ಚಿದರು.

ನಿರ್ಮಾಪಕರ ಈ ಅನುಭವದಿಂದ ವರ್ತಕರು ಗ್ರಹಿಸಬೇಕಾದ ತತ್ವ ಸರಳವಾಗಿದೆ. ಒಳಗಿನ ಸೌಲಭ್ಯಕ್ಕೆ ಮಿತಿಯಿದೆ, ಆದರೆ ಅದು ಎಲ್ಲೆಡೆ ಒಂದೇ ರೀತಿ ನಡೆಯುತ್ತದೆ. ಹೊರಗಿನ ಉಪಕರಣಕ್ಕೆ ಶಕ್ತಿಯಿದೆ, ಆದರೆ ಅದು ತನ್ನ ಪರಿಸರವನ್ನು ಅವಲಂಬಿಸಿರುತ್ತದೆ. ಹೊರಗಿನದನ್ನು ಬಳಸಲೇಬೇಕಾದಲ್ಲಿ ಅದನ್ನು ದಾಖಲೆಗೆ ತಂದು ಬಳಸಬೇಕು.

ಲೆಕ್ಕಪತ್ರ ತಂತ್ರಾಂಶ ಬೆಳೆದ ಬಗೆ

ಕರ್ನಾಟಕದ ವರ್ತಕರಿಗೆ ಚಿರಪರಿಚಿತವಾದ ಟ್ಯಾಲಿ ತಂತ್ರಾಂಶದ ಇತಿಹಾಸದಲ್ಲಿ ಇದೇ ತತ್ವ ಕಂಡುಬರುತ್ತದೆ. ಬೆಂಗಳೂರಿನಲ್ಲಿ ನೆಲೆಗೊಂಡ ಈ ಸಂಸ್ಥೆಯನ್ನು ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಅವರು 1986ರಲ್ಲಿ ಸ್ಥಾಪಿಸಿದರು. ಕಾರ್ಖಾನೆಗಳಿಗೆ ಕಚ್ಚಾವಸ್ತು ಮತ್ತು ಯಂತ್ರದ ಬಿಡಿಭಾಗಗಳನ್ನು ಸರಬರಾಜು ಮಾಡುತ್ತಿದ್ದ ತಂದೆಗೆ ತಮ್ಮ ವ್ಯಾಪಾರಕ್ಕೆ ಹೊಂದುವ ತಂತ್ರಾಂಶ ದೊರೆಯದಿದ್ದಾಗ ಮಗನೇ ಅದನ್ನು ರಚಿಸಿದರೆಂಬುದು ಸರ್ವವಿದಿತ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

ಮೂಲ ತಂತ್ರಾಂಶವು ಎಲ್ಲರಿಗೂ ಸಮಾನವಾದ ಅಗತ್ಯಗಳನ್ನು ಪೂರೈಸುತ್ತದೆ. ಒಂದೊಂದು ವ್ಯಾಪಾರಕ್ಕೆ ಮಾತ್ರ ಬೇಕಾದ ವಿಶೇಷ ಅಗತ್ಯಗಳಿಗಾಗಿ ಟಿಡಿಎಲ್ ಎಂಬ ಭಾಷೆಯಲ್ಲಿ ಪೂರಕ ಕಡತಗಳನ್ನು ಬರೆದು ಜೋಡಿಸಲು ಅವಕಾಶವಿದೆ. ಬಿಲ್ಲಿನ ವಿಶೇಷ ನಮೂನೆ, ದಲಾಲಿ ಮತ್ತು ಹಮಾಲಿಯ ಲೆಕ್ಕ, ವಾಹನವಾರು ವರದಿ ಇಂತಹವುಗಳಿಗೆ ಸ್ಥಳೀಯ ಟ್ಯಾಲಿ ವಿತರಕರಿಂದ ಬರೆಸಿಕೊಂಡ ಪೂರಕಗಳು ಅನೇಕ ಅಂಗಡಿಗಳಲ್ಲಿವೆ. ಇವುಗಳ ಹೊರತಾಗಿ ಎಕ್ಸೆಲ್ ಹಾಳೆಗಳು, ಸರ್ಕಾರವೇ ಒದಗಿಸುವ ಆಫ್‌ಲೈನ್ ಉಪಕರಣಗಳು, ಮೊಬೈಲ್ ಆ್ಯಪ್‌ಗಳು ಬಳಕೆಯಲ್ಲಿವೆ.

ಇಂದು ಹೊರಗಿನದಾಗಿರುವುದು ನಾಳೆ ಒಳಗಿನದಾಗುತ್ತದೆ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಜಾರಿಗೆ ಬಂದಾಗ ತೆರಿಗೆ ನಮೂನೆಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿದವರು ಅನೇಕರು. ಬರಬರುತ್ತ ಅವು ಲೆಕ್ಕಪತ್ರ ತಂತ್ರಾಂಶದ ಭಾಗವಾದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೂ ಹೀಗೆಯೇ ಆಯಿತು. ಇ-ಇನ್‌ವಾಯ್ಸ್ ವ್ಯವಸ್ಥೆಯು 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿನವರಿಗೆ ಆರಂಭವಾಗಿ, ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೂ ಅನ್ವಯವಾಯಿತು. ಮೊದಲು ಜಾಲತಾಣಕ್ಕೆ ಕಡತವನ್ನು ಕೈಯಿಂದ ಏರಿಸುತ್ತಿದ್ದ ಕೆಲಸ ಈಗ ಬಿಲ್ಲು ಉಳಿಸಿದ ಕೂಡಲೇ ತಂತ್ರಾಂಶದೊಳಗಿನಿಂದಲೇ ನಡೆಯುತ್ತದೆ. ಆದರೂ ಹಳೆಯ ಎಕ್ಸೆಲ್ ಕಡತವನ್ನೇ ಮುಂದುವರಿಸಿ ಎರಡು ಸಲ ಕೆಲಸ ಮಾಡುತ್ತಿರುವ ಕಚೇರಿಗಳಿಗೆ ಕೊರತೆಯಿಲ್ಲ.

ಕಾನೂನಿನ ದೃಷ್ಟಿ

ಲೆಕ್ಕವನ್ನು ಯಾವ ತಂತ್ರಾಂಶದಲ್ಲಿ ಇಡಬೇಕೆಂದು ಕಾನೂನು ಹೆಸರಿಸುವುದಿಲ್ಲ. ಆದರೆ ಇಟ್ಟ ಲೆಕ್ಕ ಹೇಗಿರಬೇಕೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ.

ಕಂಪನಿಗಳ ವಿಷಯದಲ್ಲಿ, 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ವ್ಯವಹಾರದ ಬದಲಾವಣೆಯ ಜಾಡನ್ನು ದಾಖಲಿಸಬೇಕು; ಯಾವ ದಿನ ಬದಲಾಯಿತೆಂಬುದು ಅದರಲ್ಲಿ ಇರಬೇಕು; ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಿರಬಾರದು. ಇದರ ಪಾಲನೆಯ ಬಗ್ಗೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕು. ಎಕ್ಸೆಲ್ ಹಾಳೆಯಲ್ಲಿ ಒಂದು ಅಂಕಿಯನ್ನು ಅಳಿಸಿ ಮತ್ತೊಂದನ್ನು ಬರೆದರೆ ಇಂತಹ ಜಾಡು ತಾನಾಗಿ ಉಳಿಯುವುದಿಲ್ಲ. ಆದ್ದರಿಂದ ಕಂಪನಿಯೊಂದು ದಾಸ್ತಾನು ಪುಸ್ತಕವನ್ನು ಹೊರಗಿನ ಹಾಳೆಯಲ್ಲಿ ಮಾತ್ರ ಇಟ್ಟಿದ್ದರೆ, ಮುಖ್ಯ ತಂತ್ರಾಂಶದಲ್ಲಿ ಜಾಡಿನ ಸೌಲಭ್ಯವಿದ್ದರೂ ಉದ್ದೇಶ ಈಡೇರುವುದಿಲ್ಲ.

ಇದು ಕಂಪನಿಗಳಿಗೆ ಸಂಬಂಧಿಸಿದ್ದು, ಪಾಲುದಾರಿಕೆ ಸಂಸ್ಥೆಗಳಿಗೂ ಏಕವ್ಯಕ್ತಿ ಅಂಗಡಿಗಳಿಗೂ ಸಂಬಂಧವಿಲ್ಲವೆಂದು ತಿಳಿಯುವುದು ಸರಿಯಲ್ಲ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 56ನೇ ನಿಯಮವು, ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವ ಪ್ರತಿಯೊಬ್ಬ ನೋಂದಾಯಿತ ವರ್ತಕನೂ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆಯನ್ನು ಇಡಬೇಕೆಂದು ವಿಧಿಸುತ್ತದೆ. 57ನೇ ನಿಯಮವು ಸೂಕ್ತ ಬ್ಯಾಕಪ್ ಇರಬೇಕೆಂದೂ, ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಅವುಗಳ ಪಾಸ್‌ವರ್ಡ್ ಹಾಗೂ ಬಳಸಿದ ಸಂಕೇತಗಳ ವಿವರಣೆಯನ್ನು ಒದಗಿಸಬೇಕೆಂದೂ ಹೇಳುತ್ತದೆ. ಈ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಪಾಡಬೇಕು. ಹಿಂದಿನ ಗುಮಾಸ್ತರು ಪಾಸ್‌ವರ್ಡ್ ಹಾಕಿ ಇಟ್ಟುಹೋದ ಎಕ್ಸೆಲ್ ಕಡತವು ಆರು ವರ್ಷಗಳ ನಂತರವೂ ತೆರೆಯುವಂತಿರಬೇಕು ಎಂಬುದೇ ಇದರ ತಾತ್ಪರ್ಯ.

ಸಿರುಗುಪ್ಪ: ಕಾಟಾ ಚೀಟಿಯಿಂದ ಖಾತೆಯವರೆಗೆ

ತುಂಗಭದ್ರೆಯ ನೀರಿನಿಂದ ಭತ್ತದ ಕಣಜವೆನಿಸಿದ ಸಿರುಗುಪ್ಪ ತಾಲ್ಲೂಕಿನಲ್ಲಿ ಭತ್ತದ ವ್ಯಾಪಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುವುದು ವಾಡಿಕೆ. ವೇಬ್ರಿಡ್ಜ್‌ನ ತಂತ್ರಾಂಶವು ತೂಕವನ್ನು ಕಿಲೋಗ್ರಾಂಗಳಲ್ಲಿ ಮುದ್ರಿಸುತ್ತದೆ. ಗಿರಣಿಯ ಉತ್ಪಾದನೆಯ ಲೆಕ್ಕ ಕ್ವಿಂಟಾಲಿನಲ್ಲಿರುತ್ತದೆ. ಮಾರಾಟವಾಗುವ ಅಕ್ಕಿ ಮತ್ತೆ ಬೇರೆ ಗಾತ್ರದ ಚೀಲಗಳಲ್ಲಿ ಹೋಗುತ್ತದೆ. ಹೀಗೆ ಒಂದೇ ಸರಕು ನಾಲ್ಕು ಮಾಪನಗಳನ್ನು ದಾಟುತ್ತದೆ.

ಉದಾಹರಣೆಗೆ 400 ಚೀಲ ಭತ್ತ ಬಂದಿತೆಂದು ಭಾವಿಸೋಣ. 75 ಕೆ.ಜಿ.ಯಂತೆ ಇದು 30,000 ಕೆ.ಜಿ., ಅಂದರೆ 300 ಕ್ವಿಂಟಾಲ್. ಸರ್ಕಾರದ ಭತ್ತವನ್ನು ಅಕ್ಕಿಯಾಗಿಸಿ ಕೊಡುವ ವ್ಯವಸ್ಥೆಯಲ್ಲಿ ಕಚ್ಚಾ ಅಕ್ಕಿಗೆ ಶೇಕಡಾ 67ರ ಇಳುವರಿ ನಿಗದಿಯಾಗಿದೆ. ಆ ಪ್ರಮಾಣದಲ್ಲಿ 201 ಕ್ವಿಂಟಾಲ್ ಅಕ್ಕಿ ಬರಬೇಕು. ಕೈಬರಹದ ಚೀಟಿಯಿಂದ ಎಕ್ಸೆಲ್ ಹಾಳೆಗೆ ಅಂಕಿಯನ್ನು ಏರಿಸುವಾಗ 400 ಚೀಲಗಳು 400 ಕ್ವಿಂಟಾಲ್ ಎಂದು ದಾಖಲಾದರೆ, ಬರಬೇಕಾದ ಅಕ್ಕಿ 268 ಕ್ವಿಂಟಾಲ್ ಎಂದು ತೋರುತ್ತದೆ. ಇಲ್ಲದ 67 ಕ್ವಿಂಟಾಲ್ ಅಕ್ಕಿ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ತಪಾಸಣೆಯ ಸಮಯದಲ್ಲಿ ಉತ್ತರಿಸುವುದು ಸುಲಭವಲ್ಲ. ಲೆಕ್ಕಕ್ಕೆ ತಾರದ ಮಾರಾಟವೆಂಬ ಸಂಶಯಕ್ಕೆ ಇದು ಆಸ್ಪದ ನೀಡುತ್ತದೆ.

ಒಂದು ಸರಕಿಗೆ ಎರಡು ಮಾಪನಗಳನ್ನು ಇಟ್ಟು ಅವುಗಳ ಅನುಪಾತವನ್ನು ಒಮ್ಮೆ ಮಾತ್ರ ನಮೂದಿಸುವ ಸೌಲಭ್ಯ ಟ್ಯಾಲಿಯೊಳಗೇ ಇದೆ. ಚೀಲದ ಸಂಖ್ಯೆ ಕೊಟ್ಟರೆ ತೂಕ ತಾನಾಗಿ ಬರುತ್ತದೆ. ವಾಸ್ತವ ತೂಕ ಬೇರೆಯಾದಲ್ಲಿ ಅದನ್ನು ತಿದ್ದಬಹುದು. ಇದಕ್ಕಾಗಿ ಹೊರಗಿನ ಉಪಕರಣದ ಅಗತ್ಯವಿಲ್ಲ. ಆದರೆ ವೇಬ್ರಿಡ್ಜ್‌ನ ತಂತ್ರಾಂಶ ಮಾತ್ರ ಹೊರಗಿನದಾಗಿಯೇ ಉಳಿಯುತ್ತದೆ. ತೂಕದ ಯಂತ್ರದೊಂದಿಗೆ ನೇರ ಸಂಪರ್ಕವಿರುವುದು ಅದಕ್ಕೇ. ಇಲ್ಲಿ ಮಾಡಬಹುದಾದ ಕೆಲಸವೆಂದರೆ, ದಿನದ ಕೊನೆಗೆ ವೇಬ್ರಿಡ್ಜ್‌ನ ಒಟ್ಟು ಚೀಟಿಗಳ ಸಂಖ್ಯೆ ಮತ್ತು ಒಟ್ಟು ನಿವ್ವಳ ತೂಕವನ್ನು ಲೆಕ್ಕದ ಒಟ್ಟು ಮೊತ್ತದೊಂದಿಗೆ ತಾಳೆ ನೋಡುವುದು. ಈ ಎರಡು ಅಂಕಿಗಳು ಸರಿಹೊಂದಿದರೆ ಉಳಿದದ್ದು ಬಹುಮಟ್ಟಿಗೆ ಸರಿಯಿರುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಚೀಲದ ಗಾತ್ರ ಮುಖ್ಯ. 2022ರ ಜುಲೈ 18ರಿಂದ, 25 ಕೆ.ಜಿ. ವರೆಗಿನ ಮುಂಚಿತವಾಗಿ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇಕಡಾ 5ರ ಜಿಎಸ್‌ಟಿ ಅನ್ವಯಿಸುತ್ತದೆ. ಅದಕ್ಕಿಂತ ಹೆಚ್ಚಿನ ತೂಕದ ಚೀಲಕ್ಕೆ ಅನ್ವಯಿಸುವುದಿಲ್ಲ. ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲಗಳು ಕಾಣಿಸಿಕೊಂಡ ಕಾರಣ ಇದೇ. 25 ಮತ್ತು 26 ಕೆ.ಜಿ. ಚೀಲಗಳನ್ನು ತಂತ್ರಾಂಶದೊಳಗೆ ಎರಡು ಪ್ರತ್ಯೇಕ ಸರಕುಗಳಾಗಿ, ಪ್ರತ್ಯೇಕ ತೆರಿಗೆ ದರದೊಂದಿಗೆ ಇಟ್ಟರೆ ಬಿಲ್ಲು ಬರೆಯುವವರು ಹೊಸಬರಾದರೂ ದರ ತಪ್ಪುವುದಿಲ್ಲ. ಒಂದೇ ಸೂತ್ರದ ಮೇಲೆ ನಡೆಯುವ ಹೊರಗಿನ ಬಿಲ್ಲಿಂಗ್ ಹಾಳೆಯಲ್ಲಿ ಈ ಭದ್ರತೆ ಇರುವುದಿಲ್ಲ.

ಬಳ್ಳಾರಿ: ಜೀನ್ಸ್ ಉದ್ಯಮ ಮತ್ತು ಜಾಬ್ ವರ್ಕ್

ಬಳ್ಳಾರಿ ನಗರದ ಜೀನ್ಸ್ ಉದ್ಯಮದಲ್ಲಿ ಒಂದು ಪ್ಯಾಂಟು ಸಿದ್ಧವಾಗುವ ಮುನ್ನ ಅನೇಕ ಕೈಗಳನ್ನು ದಾಟುತ್ತದೆ. ಬಟ್ಟೆ ಕತ್ತರಿಸುವವರು, ಹೊಲಿಯುವವರು, ತೊಳೆಯುವ ವಾಷಿಂಗ್ ಘಟಕದವರು, ಗುಂಡಿ ಹಾಕಿ ಇಸ್ತ್ರಿ ಮಾಡುವವರು ಬೇರೆ ಬೇರೆಯಾಗಿರುತ್ತಾರೆ. ಮಾಲಿನ ಒಡೆತನ ಮಾತ್ರ ತಯಾರಕರದೇ ಆಗಿರುತ್ತದೆ.

ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನಂತೆ ಜಾಬ್ ವರ್ಕ್‌ಗೆ ತೆರಿಗೆಯಿಲ್ಲದೆ ಕಳುಹಿಸಿದ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು. ಹಾಗಾಗದಿದ್ದಲ್ಲಿ, ಕಳುಹಿಸಿದ ದಿನದಂದೇ ಮಾರಾಟವಾಯಿತೆಂದು ಪರಿಗಣಿಸಲಾಗುತ್ತದೆ. 10 ಲಕ್ಷ ರೂಪಾಯಿ ಮೌಲ್ಯದ ಡೆನಿಮ್ ಬಟ್ಟೆಯ ಲೆಕ್ಕ ಹೀಗೆ ತಪ್ಪಿಹೋದರೆ ಶೇಕಡಾ 5ರಂತೆ 50,000 ರೂಪಾಯಿ ತೆರಿಗೆ ಹಾಗೂ ಅದರ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ, ಅಂದರೆ ವರ್ಷವೊಂದಕ್ಕೆ 9,000 ರೂಪಾಯಿ, ಬೀಳುತ್ತದೆ. ಮಾಲು ವಾಸ್ತವವಾಗಿ ಹಿಂದಿರುಗಿದ್ದರೂ ಚಲನ್‌ಗಳ ತಾಳೆ ಇಲ್ಲದಿದ್ದರೆ ಅದನ್ನು ಸಿದ್ಧಪಡಿಸುವುದು ಕಷ್ಟ. ಜೊತೆಗೆ ಐಟಿಸಿ-04 ನಮೂನೆಯನ್ನು 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ ಸಲ್ಲಿಸಬೇಕು.

ಬಳ್ಳಾರಿ ಗಡಿ ಜಿಲ್ಲೆಯಾಗಿರುವುದರಿಂದ ಮತ್ತೊಂದು ಎಚ್ಚರಿಕೆಯೂ ಬೇಕು. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. ಆದರೆ ಜಾಬ್ ವರ್ಕ್‌ಗಾಗಿ ಆಂಧ್ರಪ್ರದೇಶದಂತಹ ಬೇರೊಂದು ರಾಜ್ಯಕ್ಕೆ ಮಾಲು ಕಳುಹಿಸುವಾಗ ಮೌಲ್ಯ ಎಷ್ಟೇ ಇರಲಿ ಇ-ವೇ ಬಿಲ್ ಕಡ್ಡಾಯ. ಇದಿಲ್ಲದೆ ವಾಹನ ಸಿಕ್ಕಿಬಿದ್ದರೆ ತೆರಿಗೆಯ ಶೇಕಡಾ 200ರಷ್ಟು ದಂಡ ತೆತ್ತು ಮಾಲು ಬಿಡಿಸಿಕೊಳ್ಳಬೇಕಾದ ಪ್ರಸಂಗ ಬರುತ್ತದೆ.

ಮಾಲು ಹೊರಗೆ ಹೋದದ್ದು, ಒಳಗೆ ಬಂದದ್ದು, ಜಾಬ್ ವರ್ಕರ್ ಬಳಿ ಉಳಿದದ್ದು ಇವನ್ನು ಪ್ರತ್ಯೇಕ ಗೋದಾಮಿನಂತೆ ತೋರಿಸುವ ಸೌಲಭ್ಯ ಟ್ಯಾಲಿಯಲ್ಲಿ ಅಡಕವಾಗಿದೆ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ದರ್ಜಿಗಳಿಗಾಗಿ ಉತ್ಪಾದನೆ ಆಧಾರಿತ ವೇತನದ ಸೌಲಭ್ಯವೂ ಇದೆ. ಇವು ಇರುವುದನ್ನೇ ಅರಿಯದೆ ಹೊರಗಿನ ತಂತ್ರಾಂಶಕ್ಕೆ ಹಣ ತೆತ್ತವರಿದ್ದಾರೆ. ಇನ್ನೊಂದೆಡೆ, 28ರಿಂದ 38ರವರೆಗಿನ ಸೈಜು, ಬಣ್ಣದ ಛಾಯೆ, ವಾಷಿಂಗ್ ಮಾದರಿ ಇವುಗಳನ್ನು ಒಂದೇ ಪಟ್ಟಿಯಲ್ಲಿ ನೋಡಬೇಕೆನ್ನುವ ತಯಾರಕರಿಗೆ ಮೂಲ ತಂತ್ರಾಂಶದ ವರದಿ ಸಾಲದಾಗುತ್ತದೆ. ಅಂತಹವರು ಉಡುಪು ಉದ್ಯಮಕ್ಕೆಂದೇ ರಚಿಸಿದ ಪೂರಕವನ್ನು ಕೊಳ್ಳುವುದು ನ್ಯಾಯವೇ. ಆದರೆ ಚಲನ್‌ನ ಸಂಖ್ಯೆ ಮತ್ತು ದಿನಾಂಕ ಹುಟ್ಟುವ ಸ್ಥಳ ಒಂದೇ ಆಗಿರಬೇಕು. ಎರಡು ಕಡೆ ಚಲನ್ ಬರೆಯುವ ಪದ್ಧತಿಯು ಎರಡು ಸತ್ಯಗಳನ್ನು ಸೃಷ್ಟಿಸುತ್ತದೆ.

ಕುರುಗೋಡು: ಆಯ್ಕೆಯಿಲ್ಲದ ಉಪಕರಣ

ಹೊರಗಿನ ಉಪಕರಣಗಳೆಲ್ಲ ನಾವು ಆರಿಸಿಕೊಂಡವುಗಳಲ್ಲ. ಕುರುಗೋಡಿನಂತಹ ಕೃಷಿ ಪ್ರಧಾನ ಊರುಗಳ ರಸಗೊಬ್ಬರ ಮಾರಾಟಗಾರರು ಸಹಾಯಧನದ ಗೊಬ್ಬರವನ್ನು ಪಿಒಎಸ್ ಯಂತ್ರದ ಮೂಲಕ, ರೈತರ ಗುರುತನ್ನು ದೃಢೀಕರಿಸಿಯೇ ಮಾರಬೇಕು. 2018ರ ಮಾರ್ಚ್ ವೇಳೆಗೆ ದೇಶಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಗೊಬ್ಬರ ಕಂಪನಿಗಳಿಗೆ ಸಹಾಯಧನ ಬಿಡುಗಡೆಯಾಗುವುದು ಯಂತ್ರದಲ್ಲಿ ದಾಖಲಾದ ಮಾರಾಟದ ಆಧಾರದ ಮೇಲೆ.

ಹೀಗಾಗಿ ಅಂಗಡಿಯಲ್ಲಿ ಮೂರು ದಾಸ್ತಾನುಗಳು ಏರ್ಪಡುತ್ತವೆ: ಗೋದಾಮಿನಲ್ಲಿರುವುದು, ಯಂತ್ರ ತೋರಿಸುವುದು, ಲೆಕ್ಕ ಪುಸ್ತಕ ಹೇಳುವುದು. ಮುಂಗಾರಿನ ನೂಕುನುಗ್ಗಲಿನಲ್ಲಿ ಗೊಬ್ಬರ ಕೊಟ್ಟು ಯಂತ್ರದಲ್ಲಿ ನಂತರ ನಮೂದಿಸೋಣವೆಂದರೆ ಮೂರೂ ಬೇರೆಯಾಗುತ್ತವೆ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ. ಎಂಬ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಕೃಷಿ ಇಲಾಖೆಯ ತಪಾಸಣೆಯಲ್ಲಿ ವ್ಯತ್ಯಾಸ ಕಂಡುಬಂದರೆ ಮಾರಾಟದ ಪರವಾನಗಿಗೇ ಸಂಚಕಾರ ಬರಬಹುದು.

ಇಂತಹ ಕಡ್ಡಾಯ ಉಪಕರಣವನ್ನು ಒಳಗಿನದನ್ನಾಗಿ ಮಾಡಿಕೊಳ್ಳಲು ವರ್ತಕನಿಂದ ಸಾಧ್ಯವಿಲ್ಲ. ಆತನ ಕೈಯಲ್ಲಿರುವುದು ತಾಳೆ ನೋಡುವ ಶಿಸ್ತು ಮಾತ್ರ. ದಿನದ ವ್ಯಾಪಾರ ಮುಗಿದ ಮೇಲೆ ಯಂತ್ರದ ಸರಕುವಾರು ಮಾರಾಟದ ಮೊತ್ತವನ್ನು ಲೆಕ್ಕದಲ್ಲಿ ದಾಖಲಿಸಿ, ವಾರಕ್ಕೊಮ್ಮೆ ಗೋದಾಮಿನ ಚೀಲಗಳನ್ನು ಎಣಿಸುವುದು ಉತ್ತಮ. ಕೀಟನಾಶಕ, ಬೀಜ, ಸ್ಪ್ರೇಯರ್ ಇತ್ಯಾದಿ ಯಂತ್ರದ ವ್ಯಾಪ್ತಿಗೆ ಬಾರದ ಸರಕುಗಳು ಮೊದಲಿನಿಂದಲೂ ಲೆಕ್ಕ ತಂತ್ರಾಂಶದಲ್ಲಿಯೇ ಬಿಲ್ಲಾಗಬೇಕು.

ವೆಚ್ಚದ ನಿಜವಾದ ಲೆಕ್ಕ

ಎಕ್ಸೆಲ್ ಹಾಳೆ ಉಚಿತ, ಪೂರಕ ಕಡತ ಅಗ್ಗ ಎಂಬ ಭಾವನೆ ವ್ಯಾಪಕವಾಗಿದೆ. ಕೊಳ್ಳುವ ಬೆಲೆಯನ್ನು ಮಾತ್ರ ನೋಡಿದರೆ ಅದು ನಿಜ. ಆದರೆ ಮೂಲ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಪೂರಕವನ್ನು ಪುನಃ ಪರೀಕ್ಷಿಸಬೇಕು, ಕೆಲವೊಮ್ಮೆ ಪುನಃ ಬರೆಸಬೇಕು. 2009ರ ಟ್ಯಾಲಿ ಇಆರ್‌ಪಿ 9ರಿಂದ 2020ರ ಟ್ಯಾಲಿ ಪ್ರೈಮ್‌ಗೆ ಬಂದವರಿಗೆ ಇದು ಹೊಸ ಮಾತಲ್ಲ. ಬರೆದುಕೊಟ್ಟವರು ಊರು ಬಿಟ್ಟರೆ ಅಥವಾ ವೃತ್ತಿ ಬದಲಾಯಿಸಿದರೆ ಪೂರಕವು ಅನಾಥವಾಗುತ್ತದೆ. 2022ರಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಅಂತರ್ಜಾಲದಿಂದ ಇಳಿಸಿದ ಎಕ್ಸೆಲ್ ಕಡತಗಳ ಮ್ಯಾಕ್ರೋಗಳನ್ನು ಸ್ವಯಂಚಾಲಿತವಾಗಿ ತಡೆಯತೊಡಗಿದಾಗ, ಮ್ಯಾಕ್ರೋಗಳ ಮೇಲೆ ನಡೆಯುವ ಉಪಕರಣಗಳು ಹಠಾತ್ತನೆ ನಿಂತುಹೋದ ಅನುಭವವೂ ಹಲವರಿಗೆ ಆಗಿದೆ.

ಹೊರಗಿನ ಹಾಳೆಯ ಮಿತಿಯನ್ನು ಅರಿಯದಿದ್ದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಉದಾಹರಣೆಯಿದೆ. ಹಳೆಯ ಎಕ್ಸೆಲ್ ನಮೂನೆಯಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿತ್ತು. 2020ರ ಅಕ್ಟೋಬರ್ ಆರಂಭದಲ್ಲಿ, ಈ ಮಿತಿಯನ್ನು ಮೀರಿದ ಮಾಹಿತಿ ಬಿಟ್ಟುಹೋಗಿ, 15,841 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ಲೆಕ್ಕಕ್ಕೆ ಸೇರಲಿಲ್ಲ. ಹಾಳೆಯು ತಪ್ಪಾಯಿತೆಂದು ಕೂಗಿ ಹೇಳಲಿಲ್ಲ, ಮೌನವಾಗಿ ಬಿಟ್ಟುಬಿಟ್ಟಿತು.

ಒಳಗಿನ ಸೌಲಭ್ಯವೂ ದೋಷಮುಕ್ತವೆಂದು ಇದರ ಅರ್ಥವಲ್ಲ. ಸರಕಿನ ವಿವರದಲ್ಲಿ ತೆರಿಗೆ ದರ ತಪ್ಪಾಗಿ ನಮೂದಾದರೆ ತಂತ್ರಾಂಶವು ಆ ತಪ್ಪನ್ನೇ ಪ್ರತಿ ಬಿಲ್ಲಿನಲ್ಲಿಯೂ ನಿಷ್ಠೆಯಿಂದ ಪುನರಾವರ್ತಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಪ್ರತಿ ಉಡುಪಿಗೆ 2,500 ರೂಪಾಯಿ ವರೆಗೆ ಶೇಕಡಾ 5, ಅದನ್ನು ಮೀರಿದರೆ ಶೇಕಡಾ 18 ಎಂದು ದರ ಬದಲಾದಾಗ, ಹಳೆಯ 1,000 ರೂಪಾಯಿ ಮಿತಿಯನ್ನು ತಿದ್ದುವುದು ಮಾಲೀಕರ ಹೊಣೆಯೇ ಆಗಿತ್ತು. ಎಲ್ಲವನ್ನೂ ಒಂದೇ ತಂತ್ರಾಂಶದಲ್ಲಿ ಇಟ್ಟಾಗ ಆ ಸಂಸ್ಥೆಯ ಮೇಲಿನ ಅವಲಂಬನೆ ಹೆಚ್ಚುತ್ತದೆಂಬುದೂ ನಿಜ. ಮಾಹಿತಿಯನ್ನು ಬೇರೆ ನಮೂನೆಯಲ್ಲಿ ಪೂರ್ಣವಾಗಿ ಹೊರತೆಗೆಯಲು ಸಾಧ್ಯವೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಬೇಕು.

ಅನುಸರಿಸಬಹುದಾದ ಕ್ರಮಗಳು

1. ಬಿಲ್ಲು, ಚಲನ್, ನಗದು, ದಾಸ್ತಾನು ಇವು ಕಾನೂನಿನ ದಾಖಲೆಗಳು. ಇವು ಸಾಧ್ಯವಾದಷ್ಟೂ ಮೂಲ ತಂತ್ರಾಂಶದೊಳಗೇ ಹುಟ್ಟಬೇಕು, ಅಲ್ಲಿಯೇ ತಿದ್ದುಪಡಿಯಾಗಬೇಕು.

2. ವಿಶ್ಲೇಷಣೆ, ದರ ನಿಗದಿ, ಅಂದಾಜು ಪಟ್ಟಿ ಇವುಗಳಿಗೆ ಎಕ್ಸೆಲ್ ಅತ್ಯುತ್ತಮ ಸಾಧನ. ಆದರೆ ಮಾಹಿತಿಯು ಲೆಕ್ಕದಿಂದ ಹಾಳೆಗೆ ಹರಿಯಬೇಕೇ ಹೊರತು, ಹಾಳೆಯಲ್ಲಿ ತಿದ್ದಿದ್ದು ಮತ್ತೆ ಲೆಕ್ಕಕ್ಕೆ ಬರಬಾರದು.

3. ವೇಬ್ರಿಡ್ಜ್, ಪಿಒಎಸ್ ಯಂತ್ರಗಳಿಂದ ಮಾಹಿತಿ ಒಳಬರಲೇಬೇಕಾದಲ್ಲಿ, ನಮೂದುಗಳ ಸಂಖ್ಯೆ ಮತ್ತು ಒಟ್ಟು ಪ್ರಮಾಣ ಎರಡನ್ನೂ ಪ್ರತಿದಿನ ತಾಳೆ ನೋಡಬೇಕು.

4. ಕಚೇರಿಯಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಹೊರಗಿನ ಉಪಕರಣದ ಪಟ್ಟಿ ಇರಬೇಕು. ಹೆಸರು, ಆವೃತ್ತಿ, ಬರೆದವರು, ಯಾವ ಕೆಲಸಕ್ಕೆ, ಏನು ಒಳಹೋಗುತ್ತದೆ, ಏನು ಹೊರಬರುತ್ತದೆ ಎಂಬುದು ಅದರಲ್ಲಿರಲಿ. ಪಾಸ್‌ವರ್ಡ್‌ಗಳು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ವಶದಲ್ಲಿರಲಿ.

5. ಪೂರಕವನ್ನು ಬರೆಸುವಾಗ ಅದರ ಮೂಲ ಸಂಕೇತವನ್ನು ಬರಹದ ಒಪ್ಪಂದದ ಮೂಲಕ ಪಡೆದುಕೊಳ್ಳಬೇಕು. ಹೊಸ ಆವೃತ್ತಿಗೆ ಹೋಗುವ ಮುನ್ನ ಲೆಕ್ಕದ ಪ್ರತಿಯೊಂದರ ಮೇಲೆ ಪರೀಕ್ಷಿಸಬೇಕು.

6. ಪ್ರತಿ ಏಪ್ರಿಲ್‌ನಲ್ಲಿ ಈ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಉಪಕರಣದ ಕೆಲಸ ಈಗ ಮೂಲ ತಂತ್ರಾಂಶದೊಳಗೇ ಬಂದಿದೆ ಎಂಬುದನ್ನು ವಿತರಕರಿಂದ ಕೇಳಿ ತಿಳಿಯಬೇಕು. ಬಂದಿರುವುದನ್ನು ಕೈಬಿಡಬೇಕು.

7. ತಿದ್ದುಪಡಿಯ ಜಾಡು ದಾಖಲಾಗುತ್ತಿದೆಯೇ, ಬ್ಯಾಕಪ್‌ನಿಂದ ಲೆಕ್ಕ ಮರಳಿ ತೆರೆಯುತ್ತದೆಯೇ ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರತ್ಯಕ್ಷ ನೋಡಬೇಕು.

ಒಟ್ಟಿನಲ್ಲಿ, ಒಳಗಿನದು ಶ್ರೇಷ್ಠ, ಹೊರಗಿನದು ಕನಿಷ್ಠ ಎಂಬ ಸಾರಾಸಗಟು ತೀರ್ಮಾನ ಸಲ್ಲದು. ಲೆಕ್ಕದ ಯಾವುದೇ ಅಂಕಿಯನ್ನು ಬೆರಳಿಟ್ಟು ತೋರಿಸಿ, ಇದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬದಲಾಯಿತು ಎಂದು ಕೇಳಿದಾಗ ಮಾಲೀಕರು ಗುಮಾಸ್ತರ ಮುಖ ನೋಡದೆ ಉತ್ತರ ಹೇಳುವಂತಿರಬೇಕು. ಹಿಂದಿನ ಕಾಲದ ವರ್ತಕರು ರಾತ್ರಿ ಅಂಗಡಿ ಮುಚ್ಚುವ ಮುನ್ನ ಕಿರ್ದಿಯ ನಗದು ಶಿಲ್ಕನ್ನು ಗಲ್ಲಾಪೆಟ್ಟಿಗೆಯ ಹಣದೊಂದಿಗೆ ತಾಳೆ ನೋಡದೆ ಮನೆಗೆ ಹೋಗುತ್ತಿರಲಿಲ್ಲ. ಉಪಕರಣಗಳು ಎಷ್ಟೇ ಬದಲಾದರೂ ಆ ತಾಳೆಯ ಪದ್ಧತಿಯನ್ನು ಉಳಿಸಿಕೊಂಡವರಿಗೆ ತಪಾಸಣೆಯ ಭಯವಿರುವುದಿಲ್ಲ. ಉಪಕರಣಗಳ ಪಟ್ಟಿಯನ್ನು ಬರೆಯಲು ಒಂದು ಸಂಜೆಯ ಸಮಯ ಸಾಕು. ವರ್ತಕ ಬಾಂಧವರು ವರ್ಷಾಂತ್ಯದವರೆಗೆ ಕಾಯದೆ ಈ ತಿಂಗಳಲ್ಲಿಯೇ ಆ ಕಾರ್ಯವನ್ನು ಆರಂಭಿಸುವುದು ಸೂಕ್ತ.